ಕೂಸಿನ ಚೀಲ ಮತ್ತು ಅಪರಿಗ್ರಹ

ಒಂದೂವರೆ, ಎರಡು ವರ್ಷದ ಮಕ್ಕಳನ್ನು ಕರೆದುಕೊಂಡು ಮಲ್ಪೆಗೋ ಮರವಂತೆಗೋ ಹೊರಡುವ ಸಂಸಾರದ ಚೀಲದಲ್ಲಿ ಏನೆಲ್ಲ ಇರುತ್ತದೆ ಎಂಬುದನ್ನು ಮಕ್ಕಳಿರುವವರಿಗೆ ಹೇಳಬೇಕಾಗಿಲ್ಲ. ಎರಡು ಜೊತೆ ಬಟ್ಟೆ ಸಾಲದೆಂದು ಇನ್ನೊಂದು ಜೊತೆ, ಡೈಪರು, ಒದ್ದೆ ಬಟ್ಟೆ ತುಂಬಲು ಖಾಲಿ ಕವರು, ಟವೆಲ್ಲು, ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್, ಕುಡಿಯುವ ನೀರಲ್ಲದೆ ಮೈಗಂಟಿದ ಉಪ್ಪು ತೊಳೆಯಲು ಬೇರೆ ನೀರು, ಬಾಳೆಹಣ್ಣು, ಇಡ್ಲಿ, ಓಆರ್‌ಎಸ್ ಪೊಟ್ಟಣ, ಜ್ವರದ ಸಿರಪ್ಪು, ಮರಳಿನಲ್ಲಿ ಆಡಲು ಬಕೆಟ್ಟು. ಎರಡು ಗಂಟೆಯ ಹೊತ್ತು ಅಲೆ ನೋಡಿ ಬರಲು ಇಷ್ಟೊಂದು ಸರಂಜಾಮು ಬೇಕೇ ಎಂದು ಮನೆಯ ಹಿರಿಯರು ಕೇಳುತ್ತಾರೆ. ಆ ಪ್ರಶ್ನೆಯನ್ನು ಬರೀ ಗೇಲಿ ಎಂದು ತಳ್ಳಿಹಾಕಬಾರದು. ಕಡಿಮೆ ಇಟ್ಟುಕೊಂಡವನೇ ದೊಡ್ಡವನು, ನಾಳೆಯ ಚಿಂತೆಯನ್ನು ದೈವಕ್ಕೆ ಬಿಟ್ಟವನೇ ಭಕ್ತ ಎಂದು ಈ ನಾಡಿನ ಹಲವು ಧರ್ಮಗಳು ಶತಮಾನಗಳಿಂದ ಹೇಳಿಕೊಟ್ಟಿರುವ ಪಾಠ ಅದರ ಬೆನ್ನಿಗಿದೆ. ಹಾಗಾದರೆ ಮಗುವಿಗಾಗಿ ತುಂಬಿದ ಚೀಲ ಪರಿಗ್ರಹವೇ, ಅಂದರೆ ವಸ್ತುಗಳನ್ನು ಕೂಡಿಟ್ಟುಕೊಳ್ಳುವ ದೋಷವೇ? ಆಗಬಹುದಾದ ಪ್ರತಿಯೊಂದಕ್ಕೂ ಮೊದಲೇ ಸಿದ್ಧವಾಗುವುದು ದೈವದ ಮೇಲಿನ ಅಪನಂಬಿಕೆಯೇ? ಅಲ್ಲ ಎಂಬುದು ನನ್ನ ನಿಲುವು. ತನ್ನ ಪಾಲಿನದನ್ನು ಬಿಡುವುದು ತ್ಯಾಗ. ತನ್ನನ್ನೇ ನಂಬಿಕೊಂಡ ಕೂಸಿನ ಪಾಲಿನದನ್ನು ಬಿಡುವುದು ತ್ಯಾಗವಾಗುವುದಿಲ್ಲ. ಆದರೆ ಈ ಚೀಲಕ್ಕೂ ಒಂದು ಮಿತಿಯಿದೆ, ಆ ಮಿತಿಯನ್ನು ಕಂಡುಕೊಳ್ಳುವ ದಾರಿಯೂ ಅದೇ ಧರ್ಮಗಳಲ್ಲಿದೆ.

ಎದುರು ಪಕ್ಷದ ಬಲವನ್ನು ಮೊದಲು ಪೂರ್ತಿ ಒಪ್ಪಿಕೊಳ್ಳಬೇಕು. ಶ್ರವಣಬೆಳಗೊಳದ ಬೆಟ್ಟದ ಮೇಲೆ ನೂಲಿನೆಳೆಯೂ ಇಲ್ಲದೆ ನಿಂತ ಬಾಹುಬಲಿಗಿಂತ ದೊಡ್ಡ ಸಾಕ್ಷಿ ಅಪರಿಗ್ರಹಕ್ಕೆ ಬೇಕಿಲ್ಲ. ದಿಗಂಬರ ಮುನಿಗಳು ಇಂದಿಗೂ ನವಿಲುಗರಿಯ ಪಿಂಛಿ, ಕಮಂಡಲು, ಓದಲೊಂದು ಶಾಸ್ತ್ರಗ್ರಂಥ, ಇಷ್ಟನ್ನು ಬಿಟ್ಟರೆ ಏನನ್ನೂ ಇಟ್ಟುಕೊಳ್ಳದೆ ಊರಿಂದೂರಿಗೆ ನಡೆದೇ ಹೋಗುತ್ತಾರೆ. ಅನನ್ಯವಾಗಿ ತನ್ನನ್ನೇ ನೆನೆಯುವವರ ಯೋಗಕ್ಷೇಮವನ್ನು ತಾನೇ ಹೊರುತ್ತೇನೆ ಎಂದು ಗೀತೆಯಲ್ಲಿ ಕೃಷ್ಣ ಮಾತು ಕೊಡುತ್ತಾನೆ. ಯೇಸು ತನ್ನ ಶಿಷ್ಯರನ್ನು ಊರೂರಿಗೆ ಕಳಿಸುವಾಗ ಜೋಳಿಗೆ ಬೇಡ, ಹಣ ಬೇಡ ಎಂದು ಹೇಳಿ ಕಳಿಸಿದ. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮುಟ್ಟಲಿಲ್ಲ, ಹೆಚ್ಚಾದುದನ್ನು ತಂದಲ್ಲಿಗೇ ಸುರಿದು ಬಾ ಎಂದು ಕಳಿಸಿದಳು. ಇಷ್ಟು ಎತ್ತರದ ಸಾಕ್ಷಿಗಳ ಮುಂದೆ ಮೂರನೆಯ ಜೊತೆ ಚಡ್ಡಿಯನ್ನು ಚೀಲಕ್ಕೆ ತುರುಕುವ ಕೈ ಸಣ್ಣದಾಗಿ ಕಾಣುವುದು ಸಹಜ. ಸಣ್ಣದಾಗಿ ಕಾಣಬೇಕಾಗಿಲ್ಲ ಎಂದು ಹೇಳುವವರು ಈ ಸಾಕ್ಷಿಗಳನ್ನು ಬದಿಗೆ ಸರಿಸದೆ, ಅವುಗಳ ಒಳಗೇ ಹೋಗಿ ನೋಡಬೇಕು.

ಮುನಿಯ ಬರಿಗೈಯನ್ನೇ ತೆಗೆದುಕೊಳ್ಳೋಣ. ಅವರು ದಿನಕ್ಕೊಮ್ಮೆ ನಿಂತುಕೊಂಡು ತಮ್ಮ ಬೊಗಸೆಯಲ್ಲೇ ಆಹಾರ ಸ್ವೀಕರಿಸುತ್ತಾರೆ. ಆ ಬೊಗಸೆಗೆ ಬೀಳುವ ತುತ್ತು ಎಲ್ಲಿಂದ ಬರುತ್ತದೆ? ಬೆಳಗಿನಿಂದ ನೀರು ಸೋಸಿ, ಕಾಳು ಆರಿಸಿ, ಅಡುಗೆಮನೆಯನ್ನು ಶುದ್ಧವಾಗಿಟ್ಟುಕೊಂಡು, ಮುನಿಗಳು ಈ ಬೀದಿಗೆ ಬಂದಾರೆಂದು ಬಾಗಿಲಲ್ಲಿ ಕಾದು ನಿಂತ ಶ್ರಾವಕ ದಂಪತಿಗಳಿಂದ. ಬರಿಗೈಯ ವ್ರತ ನಡೆಯುವುದು ತುಂಬಿದ ಪಾತ್ರೆಯ ಮನೆಯೊಂದು ಇರುವುದರಿಂದ. ಜೈನ ಧರ್ಮ ಇದನ್ನು ಮುಚ್ಚಿಡಲಿಲ್ಲ ಎಂಬುದು ಅದರ ಹಿರಿಮೆ. ಮುನಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ ಎಂದು ಎರಡು ದಾರಿ ಮಾಡಿ, ಗೃಹಸ್ಥನ ಐದನೆಯ ವ್ರತವನ್ನು ಪರಿಗ್ರಹ ಪರಿಮಾಣ ಎಂದು ಕರೆಯಿತು. ಎಲ್ಲವನ್ನೂ ಬಿಡು ಎಂದು ಗೃಹಸ್ಥನಿಗೆ ಅದು ಹೇಳುವುದಿಲ್ಲ, ಎಷ್ಟು ಬೇಕೆಂದು ನೀನೇ ಅಳೆದು ಅಲ್ಲಿಗೆ ನಿಲ್ಲು ಎನ್ನುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಇನ್ನೂ ಒಂದು ಹೆಜ್ಜೆ ಆಳಕ್ಕೆ ಹೋಗಿ, ಪರಿಗ್ರಹದ ದೋಷವನ್ನು ವಸ್ತುವಿನಲ್ಲಿ ಕಾಣದೆ ವಸ್ತುವಿಗೆ ಅಂಟಿಕೊಂಡ ಮೋಹದಲ್ಲಿ ಕಂಡಿತು. ಒಂದೇ ಟವೆಲ್ಲು ಒಬ್ಬನಿಗೆ ಪರಿಗ್ರಹವಾಗಬಹುದು, ನಡುಗುವ ಮಗುವಿನ ಮೈ ಒರೆಸುವವಳಿಗೆ ಆಗದಿರಬಹುದು. ಲಕ್ಕಮ್ಮನ ಕಥೆಯನ್ನೂ ಹೀಗೆಯೇ ನಿಧಾನವಾಗಿ ಕೇಳಬೇಕು. ಆಕೆ ಅಕ್ಕಿಯನ್ನೆಲ್ಲ ಸುರಿದು ಬಾ ಎನ್ನಲಿಲ್ಲ, ಹೆಚ್ಚಾದುದನ್ನು ಮಾತ್ರ ಸುರಿದು ಬಾ ಎಂದಳು. ಅಂದಿನ ದಾಸೋಹಕ್ಕೆ ಬೇಕಾದಷ್ಟು ಆ ಮನೆಯಲ್ಲಿ ಉಳಿಯಿತು. ಆಕೆಯ ಲೆಕ್ಕ ಶುರುವಾಗುವುದೇ ತನ್ನ ಮನೆಯಲ್ಲಿ ಉಣ್ಣಬೇಕಾದವರಿಂದ.

ಈಗ ಗೀತೆಯ ಮಾತು. ಯೋಗಕ್ಷೇಮವನ್ನು ಹೊರುತ್ತೇನೆಂಬ ಆ ವಚನ ಯಾರಿಗೆ? ತನ್ನನ್ನು ತಾನು ಪೂರ್ತಿ ಒಪ್ಪಿಸಿಕೊಂಡವನಿಗೆ. ಒಪ್ಪಿಸಿಕೊಳ್ಳುವ ಕೆಲಸವನ್ನು ಒಬ್ಬರ ಪರವಾಗಿ ಇನ್ನೊಬ್ಬರು ಮಾಡಲಾಗುವುದಿಲ್ಲ. ನಾನು ಉಪವಾಸ ಇರಬಹುದು, ನನ್ನ ವ್ರತಕ್ಕಾಗಿ ಎರಡು ವರ್ಷದ ಮಗು ಉಪವಾಸ ಇರಬಾರದು. ಬಿಸಿಲನ್ನು ನಾನು ತಪಸ್ಸೆಂದು ತಾಳಬಹುದು, ಮಗುವಿನ ಮುಖ ಕೆಂಪೇರುವುದನ್ನು ತಪಸ್ಸೆಂದು ನೋಡುತ್ತ ನಿಲ್ಲಬಾರದು. ನಮ್ಮ ಪರಂಪರೆಗೆ ಈ ವ್ಯತ್ಯಾಸ ಗೊತ್ತಿತ್ತು. ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಎಂಟು ಶತಮಾನಗಳಿಂದ ಕನ್ನಡಿಗರು ಕೇಳುತ್ತ ಬಂದಿದ್ದಾರೆ. ಹರಿಶ್ಚಂದ್ರ ರಾಜ್ಯ ಬಿಟ್ಟಾಗ ಕೇಳುಗರು ತಲೆದೂಗುತ್ತಾರೆ. ಲೋಹಿತಾಶ್ವ ಹಾವು ಕಚ್ಚಿ ಸತ್ತಾಗ ಅಳುತ್ತಾರೆ. ಸತ್ಯದ ವ್ರತ ತಂದೆಯದು, ಮಗ ಅದನ್ನು ತೊಟ್ಟವನಲ್ಲ. ಕಾವ್ಯ ಕೊನೆಗೆ ಆ ಹುಡುಗನನ್ನು ಬದುಕಿಸಿಕೊಡಲೇಬೇಕಾಯಿತು. ಅವನು ಸತ್ತೇ ಹೋಗಿದ್ದರೆ ಹರಿಶ್ಚಂದ್ರನ ಸತ್ಯ ಗೆದ್ದಿತೆಂದು ಯಾರೂ ಸಮಾಧಾನದಿಂದ ಮನೆಗೆ ಹೋಗುತ್ತಿರಲಿಲ್ಲ. ಜೋಳಿಗೆ ಬೇಡವೆಂದು ಯೇಸು ಹೇಳಿದ್ದು ಕೂಡ ಕರೆಗೆ ಓಗೊಟ್ಟು ಬಂದ, ವಯಸ್ಸಿಗೆ ಬಂದ ಶಿಷ್ಯರಿಗೆ. ಕಂಕುಳಲ್ಲಿ ಕೂಸಿರುವ ತಾಯಿಗಲ್ಲ.

ಇದಕ್ಕೆ ಇನ್ನೂ ಗಟ್ಟಿಯಾದ ಪುರಾವೆ ಮಲ್ಪೆಯ ಮರಳಿನಿಂದ ಆರೇ ಕಿಲೋಮೀಟರ್ ದೂರದಲ್ಲಿದೆ. ಉಡುಪಿಯ ಕೃಷ್ಣ ಬಾಲಕೃಷ್ಣ, ಕೈಯಲ್ಲಿ ಕಡೆಗೋಲು ಮತ್ತು ಹಗ್ಗ ಹಿಡಿದ ಪುಟ್ಟ ಮಗು. ದ್ವಾರಕೆಯ ಕಡೆಯಿಂದ ಬಂದ ಹಡಗು ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿದಾಗ ಮಧ್ವಾಚಾರ್ಯರು ಅದನ್ನು ದಡ ಸೇರಿಸಿದರೆಂದೂ, ಹಡಗಿನವರು ಕೊಟ್ಟ ಗೋಪೀಚಂದನದ ಗಡ್ಡೆಯೊಳಗೆ ಈ ಮೂರ್ತಿ ಇತ್ತೆಂದೂ ಸಂಪ್ರದಾಯ ಹೇಳುತ್ತದೆ. ಸ್ವತಂತ್ರನಾದವನು ಹರಿಯೊಬ್ಬನೇ, ಉಳಿದುದೆಲ್ಲ ಪರತಂತ್ರ ಎಂಬುದು ಮಧ್ವರ ಸಿದ್ಧಾಂತದ ತಿರುಳು. ದೈವಾಧೀನವೆಂಬ ಮಾತನ್ನು ಇಷ್ಟು ಖಂಡಿತವಾಗಿ ಹೇಳುವ ಮತದವರು ನಾಳೆಯ ಸಿದ್ಧತೆಯನ್ನು ಕೈಬಿಡಬೇಕಿತ್ತಲ್ಲವೇ? ನಡೆದದ್ದು ಅದಕ್ಕೆ ಪೂರಾ ಉಲ್ಟಾ. ಆ ಬಾಲದೇವರನ್ನು ದಿನವೂ ಎಬ್ಬಿಸಿ, ಮೀಯಿಸಿ, ಉಡಿಸಿ, ಉಣಿಸಿ, ರಾತ್ರಿ ಮಲಗಿಸುತ್ತಾರೆ. ವಾದಿರಾಜರ ಕಾಲದಿಂದ ಎರಡು ವರ್ಷಕ್ಕೊಮ್ಮೆ ಅಷ್ಟಮಠಗಳ ನಡುವೆ ಪೂಜೆಯ ಸರದಿ ಕೈಬದಲಾಗುತ್ತದೆ. ಪರ್ಯಾಯವೆಂಬ ಈ ಕೈಬದಲಾವಣೆ ನಡೆಯುವುದು ಸಮಸಂಖ್ಯೆಯ ವರ್ಷದ ಜನವರಿ 18ರಂದು. ಅದಕ್ಕೆ ಒಂದು ವರ್ಷ ಮೊದಲೇ ಸಿದ್ಧತೆ ಆರಂಭ. ಮೊದಲು ಬಾಳೆ ಮುಹೂರ್ತ ಮಾಡಿ ಬಾಳೆ ನೆಡುತ್ತಾರೆ, ಎರಡು ವರ್ಷ ಉಣ್ಣಲು ಬರುವವರಿಗೆ ಎಲೆ, ಹಣ್ಣು ಬೇಕಲ್ಲ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಕಟ್ಟಿಗೆಯನ್ನು ರಥದ ಆಕಾರದಲ್ಲೇ ಒಟ್ಟಿ ನಿಲ್ಲಿಸುತ್ತಾರೆ. ದೇವರು ನಡೆಸಿಕೊಡುತ್ತಾನೆ ಎಂಬ ನಂಬಿಕೆಗೂ ಸೌದೆ ಕೂಡಿಡುವುದಕ್ಕೂ ಅಲ್ಲಿ ವಿರೋಧ ಕಾಣುವುದಿಲ್ಲ. ಸೌದೆ ಕೂಡಿಡುವುದಕ್ಕೂ ಮುಹೂರ್ತ ನೋಡಿ ಮಂತ್ರ ಹೇಳಿದರೆಂದರೆ, ಸಿದ್ಧತೆ ಪೂಜೆಗೆ ಮುಂಚಿನ ಗಡಿಬಿಡಿಯಾಗಿ ಉಳಿಯದೆ ಪೂಜೆಯೇ ಆಯಿತು. ಬಾಲದೇವರ ಸೇವೆಗೆ ಇಷ್ಟು ಮುಂಚೆ ಬಾಳೆ ನೆಡುವವರ ಊರಿಗೆ ಬಂದು ಹೋಗುವ ತಾಯಿ ತನ್ನ ಮಗುವಿಗೆ ನಾಲ್ಕು ಬಾಳೆಹಣ್ಣು ಕಟ್ಟಿಕೊಂಡರೆ ಅಪನಂಬಿಕೆಯ ಆರೋಪ ಹೊರಿಸುವುದು ಸರಿಯಲ್ಲ.

ಇಲ್ಲಿ ಒಂದು ಆಕ್ಷೇಪ ಎದ್ದು ನಿಲ್ಲುತ್ತದೆ. ನಮ್ಮ ಅಜ್ಜಿಯರು ಎಂಟು ಹತ್ತು ಮಕ್ಕಳನ್ನು ಹೆತ್ತು ಯಾವ ಚೀಲವೂ ಇಲ್ಲದೆ ಸಾಕಿದರಲ್ಲ, ಕಡಲಿನ ಮೀನುಗಾರರಾದ ಮೊಗವೀರರ ಮಕ್ಕಳು ಹುಟ್ಟಿದಾಗಿನಿಂದ ಇದೇ ಮರಳಿನಲ್ಲಿ ಬರಿಮೈಯಲ್ಲಿ ಆಡುತ್ತಾರಲ್ಲ ಎಂದು. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಕಡಲ ಮಗುವಿನ ಮನೆ ನಾಲ್ಕು ಹೆಜ್ಜೆ ಹಿಂದೆಯೇ ಇದೆ. ಅಲ್ಲಿ ಬಾವಿ ಇದೆ, ಗಂಜಿ ಇದೆ, ತೆಂಗಿನ ನೆರಳಿದೆ, ಯಾರ ಮಗು ಎತ್ತ ಓಡಿತೆಂದು ನೋಡುವ ದೊಡ್ಡಮ್ಮ ಚಿಕ್ಕಮ್ಮಂದಿರಿದ್ದಾರೆ, ಇವತ್ತಿನ ಅಲೆ ಹೇಗಿದೆಯೆಂದು ಬಣ್ಣ ನೋಡಿ ಹೇಳುವ ಅಜ್ಜನಿದ್ದಾನೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ರಾತ್ರಿಯ ಬಸ್ಸು ಹಿಡಿದು ಬಂದ ಮಗುವಿಗೆ ಇವು ಒಂದೂ ಇಲ್ಲ. ಇಲ್ಲದ್ದರಲ್ಲಿ ಹೊತ್ತು ತರಲು ಆಗುವಷ್ಟನ್ನು ಮಾತ್ರ ಅದರ ಅಪ್ಪ ಅಮ್ಮ ಚೀಲದಲ್ಲಿ ತಂದಿದ್ದಾರೆ. ಇನ್ನು ಅಜ್ಜಿಯರ ಮಾತು. ಅವರ ಧೈರ್ಯಕ್ಕೆ ಕೈಮುಗಿಯಬೇಕು, ಆದರೆ ಅವರು ಕಳೆದುಕೊಂಡ ಮಕ್ಕಳನ್ನು ಮರೆಯಬಾರದು. 1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. 2020ಕ್ಕೆ ಆ ಸಂಖ್ಯೆ 28ಕ್ಕೆ ಇಳಿದಿತ್ತು. ಅದೇ 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸು ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ 30ರ ಹತ್ತಿರವಿದ್ದ ಸಾವು ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು. ಇಂದು ಚೀಲದ ಮೂಲೆಯಲ್ಲಿ ಬಿದ್ದಿರುವ, ಒಂದು ಲೀಟರ್ ನೀರಿಗೆ ಬೆರೆಸಬೇಕಾದ ಆ ಪೊಟ್ಟಣ ಅಲ್ಲಿಂದ ಬಂದದ್ದು. ಅದನ್ನು ಮೋಹವೆನ್ನುವವರು ಅಜ್ಜಿಯರನ್ನೇ ಕೇಳಬಹುದಿತ್ತು. ಅಂಥದೊಂದು ಪೊಟ್ಟಣಕ್ಕಾಗಿ ಅವರು ಮೈಮೇಲಿನ ಬಂಗಾರ ಬಿಚ್ಚಿಕೊಡುತ್ತಿದ್ದರು.

ಇನ್ನೊಂದು ಆಕ್ಷೇಪ ಇದಕ್ಕಿಂತ ತೀಕ್ಷ್ಣವಾದುದು, ಅದರ ಅರ್ಧವನ್ನು ನಾನು ಒಪ್ಪುತ್ತೇನೆ. ಚೀಲದಲ್ಲಿರುವುದೆಲ್ಲ ಮಗುವಿಗಾಗಿ ಎಂಬುದು ನಿಜವೇ? ಅದರಲ್ಲಿ ಎಷ್ಟೋ ವಸ್ತುಗಳು ದೊಡ್ಡವರ ಭಯವನ್ನು ಸುಮ್ಮನಿರಿಸಲು ತಂದವು. ಭಯವಿರುವಲ್ಲಿ ಅಂಗಡಿ ತೆರೆಯುತ್ತದೆ. ಕೂಸು ಹುಟ್ಟುವ ಮೊದಲೇ ಇದಿಲ್ಲದಿದ್ದರೆ ನೀವು ಒಳ್ಳೆಯ ತಾಯಿಯಲ್ಲ ಎಂದು ಮೊಬೈಲಿನಲ್ಲಿ ಜಾಹೀರಾತು ಬರುತ್ತದೆ, ಪ್ರತಿ ತಿಂಗಳಿಗೂ ಬೇರೆ ಸಾಮಾನು, ಪ್ರತಿ ಪ್ರವಾಸಕ್ಕೂ ಬೇರೆ ಪಟ್ಟಿ. ಉಮಾಸ್ವಾತಿ ಹೇಳಿದ ಮೋಹ ಇಲ್ಲಿ ಖಂಡಿತ ಇದೆ, ಅದು ಪ್ರೀತಿಯ ವೇಷದಲ್ಲಿ ಬಂದಿರುವುದರಿಂದ ಗುರುತಿಸುವುದು ಇನ್ನೂ ಕಷ್ಟ. ಆದರೆ ಸಮುದ್ರದ ದಡದಲ್ಲಿ ಈ ಹೆಚ್ಚುವರಿಯ ನಿಜವಾದ ದೋಷ ಖರ್ಚಿನದಲ್ಲ, ಆಡಂಬರದ್ದೂ ಅಲ್ಲ. ಅದು ಕೈಯನ್ನು ತುಂಬಿಸುತ್ತದೆ, ಕಣ್ಣನ್ನು ಬೇರೆಡೆ ತಿರುಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು, ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಮುಳುಗುವ ಮಗು ಕೂಗುವುದಿಲ್ಲ, ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸುವುದಿಲ್ಲ. ಬಾಯಿ ನೀರಿಗಿಂತ ಮೇಲೆ ಬಂದಾಗ ಉಸಿರೆಳೆಯುವುದರಲ್ಲೇ ಅದರ ಶಕ್ತಿ ಮುಗಿಯುತ್ತದೆ. ಎರಡು ವರ್ಷದ ಮಗು ಮುಳುಗಲು ಮೊಣಕಾಲುದ್ದದ ನೀರೂ ಬೇಕಾಗಿಲ್ಲ. ಹಿಂದಿರುಗುವ ಅಲೆ ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುವುದೇ ಸಾಕು. ಚೀಲದ ತಳದಲ್ಲಿರುವ ಬಿಸ್ಕತ್ತಿನ ಪೊಟ್ಟಣ ಹುಡುಕುವಷ್ಟು ಹೊತ್ತಿನಲ್ಲಿ ಇದೆಲ್ಲ ಆಗಿಹೋಗಬಹುದು.

ಆದ್ದರಿಂದ ಗೃಹಸ್ಥನ ಪರಿಮಾಣ ವ್ರತಕ್ಕೆ ಕಡಲ ದಡದಲ್ಲಿ ಒಂದು ಸ್ಪಷ್ಟವಾದ ಅಳತೆ ಸಿಗುತ್ತದೆ. ಮಗುವಿನ ಮೈ ಆ ಕೆಲವು ಗಂಟೆಗಳಲ್ಲಿ ಕೇಳುವುದನ್ನೆಲ್ಲ ಒಯ್ಯಬೇಕು. ಮಗುವನ್ನು ನೋಡಿಕೊಳ್ಳುವ ಕಣ್ಣಿನ ಬದಲಿಗೆ ನಿಲ್ಲುತ್ತೇನೆಂದು ಹೇಳುವ ಯಾವುದನ್ನೂ ಒಯ್ಯಬಾರದು. ಚಿಕ್ಕ ಮಕ್ಕಳಿಗೆ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು, ಹಾಗಾಗಿ ಅವರ ಮೈ ಬೇಗ ಕಾಯುತ್ತದೆ, ಒದ್ದೆಯಾದರೆ ಬೇಗ ತಣ್ಣಗಾಗುತ್ತದೆ, ನೀರಿನ ಅಂಶವೂ ಬೇಗ ಇಳಿಯುತ್ತದೆ. ನೀರು, ನೆರಳಿಗೊಂದು ಕೊಡೆ, ತೋಳು ಮುಚ್ಚುವ ಹತ್ತಿಯ ಅಂಗಿ, ಒಣ ಬಟ್ಟೆ, ರೂಢಿಯಾದ ತಿಂಡಿ, ಇವನ್ನು ಮೈಯೇ ಕೇಳುತ್ತದೆ. ಆರು ತಿಂಗಳೊಳಗಿನ ಕೂಸಾದರೆ ಸನ್‌ಸ್ಕ್ರೀನ್‌ಗಿಂತ ನೆರಳೇ ಸರಿ, ಬಿಸಿಲೇರುವ ಮುನ್ನ ಅಥವಾ ಸಂಜೆ ಹೋದರೆ ಅರ್ಧ ಸಾಮಾನು ತಾನಾಗಿ ಕಡಿಮೆಯಾಗುತ್ತದೆ. ಗಾಳಿ ತುಂಬಿದ ಬಣ್ಣದ ಟ್ಯೂಬು ಎರಡನೆಯ ಜಾತಿಯದು. ಅದು ಆಟದ ಸಾಮಾನು, ರಕ್ಷಣೆಯ ಸಾಧನವಲ್ಲ. ಗಾಳಿ ಬೀಸಿದರೆ ಮಗುವನ್ನು ಹೊತ್ತುಕೊಂಡೇ ಒಳಗೆ ಸರಿಯುತ್ತದೆ. ಅದನ್ನು ಮನೆಯಲ್ಲಿ ಬಿಡುವುದು ಸರಿಯಾದ ಅರ್ಥದಲ್ಲಿ ಅಪರಿಗ್ರಹ, ಏಕೆಂದರೆ ಬಿಟ್ಟಿದ್ದು ಒಂದು ಸುಳ್ಳು ನೆಮ್ಮದಿಯನ್ನು. ಮಳೆಗಾಲದಲ್ಲಿ ನೀರಿಗಿಳಿಯಬೇಡಿ ಎಂದು ಕರಾವಳಿಯ ಜಿಲ್ಲಾಡಳಿತಗಳು ಹೇಳಿದಾಗ ಕೇಳುವುದು, ಕೆಂಪು ಬಾವುಟ ಕಂಡಲ್ಲಿ ನಿಲ್ಲುವುದು, ಇವಕ್ಕೆ ಚೀಲದಲ್ಲಿ ಜಾಗವೇ ಬೇಡ. ತಂದದ್ದರಲ್ಲಿ ಉಳಿದ ಕಸವನ್ನು, ಮುಖ್ಯವಾಗಿ ಬಳಸಿದ ಡೈಪರನ್ನು, ತಂದ ಚೀಲದಲ್ಲೇ ವಾಪಸು ಒಯ್ಯಬೇಕೆಂಬುದನ್ನು ವಾದಿಸಿ ಹೇಳಬೇಕಾಗಿಲ್ಲ. ಮೊಗವೀರರ ಮಕ್ಕಳು ಆಡುವ ಮರಳು ಅದು.

ವಿಧಿಯ ಮಾತೊಂದು ಉಳಿದಿದೆ. ಎಷ್ಟು ಕಟ್ಟಿಕೊಂಡರೇನು, ಆಗುವುದು ಆಗಿಯೇ ತೀರುತ್ತದೆ ಎನ್ನುವವರಿದ್ದಾರೆ. ಎಲ್ಲ ಎಚ್ಚರಿಕೆಯ ನಂತರವೂ ಕೆಡುಕು ಸಂಭವಿಸಬಹುದು ಎಂಬಷ್ಟರ ಮಟ್ಟಿಗೆ ಅದು ಸತ್ಯ, ಮಗುವನ್ನು ಕಳೆದುಕೊಂಡ ತಂದೆತಾಯಿಗಳನ್ನು ನೀವು ಇದನ್ನು ತರಬೇಕಿತ್ತು ಎಂದು ಚುಚ್ಚುವವರ ಬಾಯಿ ಮುಚ್ಚಿಸಲು ಆ ಸತ್ಯ ಬೇಕು. ಅಲ್ಲಿ ಅದು ಸಾಂತ್ವನ. ಆದರೆ ಹೊರಡುವ ಮೊದಲೇ ಅದನ್ನು ಆಡಿದರೆ ಮೈಗಳ್ಳತನವಾಗುತ್ತದೆ. ಇನ್ನೂ ಮಾಡಬಹುದಾದ ಕೆಲಸ ಎದುರಿಗಿರುವಾಗ ದೈವದ ಹೆಸರು ಹೇಳುವುದು ಭಕ್ತಿಯಲ್ಲ. ಗೀತೆ ಫಲದ ಮೇಲಿನ ಹಕ್ಕನ್ನು ಬಿಡಿಸಿತೇ ಹೊರತು ಕರ್ಮವನ್ನು ಬಿಡಿಸಲಿಲ್ಲ, ಮತ್ತು ಇಲ್ಲಿ ಕರ್ಮವೆಂದರೆ ಬಾಟಲಿಗೆ ನೀರು ತುಂಬುವುದೇ.

ಆ ಬಾಟಲಿಯನ್ನು ತುಂಬುವವರು ಯಾರು ಎಂದು ಕೇಳದೆ ಈ ವಿಚಾರವನ್ನು ಮುಗಿಸಲಾರೆ. ಹೆಚ್ಚಿನ ಮನೆಗಳಲ್ಲಿ ಅದು ತಾಯಿಯೇ. ಏನು ಮುಗಿದಿದೆ, ಯಾವ ಅಂಗಿ ಚಿಕ್ಕದಾಗಿದೆ, ಯಾವ ತಿಂಡಿ ಬಸ್ಸಿನಲ್ಲಿ ವಾಂತಿಯಾಗದೆ ನಿಲ್ಲುತ್ತದೆ ಎಂಬ ಲೆಕ್ಕವೆಲ್ಲ ಆಕೆಯ ತಲೆಯಲ್ಲಿ. ಇಷ್ಟೊಂದು ಯಾಕೆ ಎಂದು ಕೇಳುವವರು ಸಾಮಾನ್ಯವಾಗಿ ತುಂಬಿದವರಲ್ಲ. ಅಪರಿಗ್ರಹದ ಬಗ್ಗೆ ನಾವು ಓದಿರುವುದರಲ್ಲಿ ಬಹುಪಾಲನ್ನು ಬರೆದವರು ಮನೆ ಬಿಟ್ಟು ಹೋದ ಗಂಡಸರು. ಲಕ್ಕಮ್ಮನ ಮಾತಿಗೆ ಬೇರೆಯೇ ತೂಕವಿರುವುದು ಆಕೆ ಅಡುಗೆ ಮಾಡಿ ಬಡಿಸಬೇಕಾದ ಕೈಯಿಂದ ಅಳೆದು ಹೇಳಿದ್ದರಿಂದ. ಎಷ್ಟು ಬೇಕು, ಎಷ್ಟು ಹೆಚ್ಚಾಯಿತು ಎಂದು ಹೇಳುವ ಅಧಿಕಾರ ಆ ಕೈಗೆ ಬರುತ್ತದೆ, ಬಾಗಿಲಲ್ಲಿ ನಿಂತು ಗಡಿಯಾರ ನೋಡುವವರಿಗೆ ಬರುವುದಿಲ್ಲ. ಜೊತೆಗೆ ಇನ್ನೊಂದು ವಿಷಯವಿದೆ. ರಾತ್ರಿಯೆಲ್ಲ ಚೀಲ ಕಟ್ಟಿದವರೇ ದಡದಲ್ಲಿ ಚೀಲದೊಳಗೆ ಕೈಹಾಕಿ ಹುಡುಕುತ್ತ, ಅವರೇ ಮಗುವನ್ನೂ ಕಾಯುವಂತಾದರೆ, ಮೇಲೆ ಹೇಳಿದ ಅಪಾಯವೆಲ್ಲ ಅವರೊಬ್ಬರ ತಲೆಗೆ ಬೀಳುತ್ತದೆ. ಆದ್ದರಿಂದ ಮಕ್ಕಳೊಂದಿಗೆ ಕಡಲಿಗೆ ಹೊರಡುವ ಅಪ್ಪಂದಿರಲ್ಲಿ ನನ್ನದೊಂದು ಕೋರಿಕೆ: ಈ ಸಲ ಚೀಲವನ್ನು ನೀವೇ ಕಟ್ಟಿ, ಕಟ್ಟುತ್ತ ಯಾವುದು ಎಲ್ಲಿದೆಯೆಂದು ತಿಳಿದುಕೊಳ್ಳಿ, ಹೆಚ್ಚೆನಿಸಿದ್ದನ್ನು ಅಮ್ಮನನ್ನು ಕೇಳಿಯೇ ತೆಗೆಯಿರಿ. ದಡ ಸೇರಿದ ಮೇಲೆ ನಿಮ್ಮಿಬ್ಬರಲ್ಲಿ ಒಬ್ಬರು ಚೀಲ ನೋಡಿಕೊಳ್ಳಿ, ಇನ್ನೊಬ್ಬರು ಕೈಯಲ್ಲಿ ಮೊಬೈಲೂ ಇಲ್ಲದೆ, ಮಗುವಿಗೆ ಕೈ ಎಟುಕುವಷ್ಟು ಹತ್ತಿರ ನಿಂತುಕೊಳ್ಳಿ.